ನನ್ನ ಬಾವಿಯಿಂದ ಅಳೆದ 18 ಮೀಟರ್

ನಮ್ಮ ಕುದ್ರುವಿನ, ಅಂದರೆ ನದಿನಡುವಿನ ದ್ವೀಪದ, ಬಾವಿಗಳು ಆಳದವಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಕಟ್ಟೆಯ ಮೇಲಿಂದ ಬಗ್ಗಿದರೆ ಕೊಡಪಾನ ತುಂಬುತ್ತದೆ. ಸ್ವರ್ಣಾ, ಸೀತಾ ನದಿಗಳು ಕೋಡಿ ಬೆಂಗ್ರೆಯ ಬಳಿ ಸಮುದ್ರ ಸೇರುವ ಮುಂಚೆ ಹರಡಿಕೊಳ್ಳುವ ಜಾಗದಲ್ಲಿ ಇಂಥ ಹಲವು ಕುದ್ರುಗಳಿವೆ. ಸುತ್ತಲೂ ಉಪ್ಪುನೀರು, ಅಡಿಯಲ್ಲೂ ಉಪ್ಪುನೀರು. ಅದರ ಮೇಲೆ ಮಳೆಯ ಸಿಹಿನೀರು ಹಗುರಾಗಿ ನಿಂತಿರುತ್ತದೆ, ಎಲ್ಲರ ಬಾವಿಗೂ ಅದೇ ನೀರು. ಚಿಕ್ಕಂದಿನಿಂದ ಇದು ಗೊತ್ತಿದ್ದವನು ನಾನು.

ಮುಂಬಯಿಯ ಕೆಲಸ ಬಿಟ್ಟು ಬಂದ ಮೇಲೆ ತೆಂಗಿನ ಹಿತ್ತಿಲಲ್ಲಿ ಎರಡು ಸಣ್ಣ ಕಾಟೇಜು ಕಟ್ಟಿಸಿದೆ. ಅಕ್ಟೋಬರಿನಿಂದ ಮೇ ತನಕ ಪ್ರವಾಸಿಗರು, ಮಳೆಗಾಲದಲ್ಲಿ ಬೀಗ. ಹಿತ್ತಿಲು 24 ಸೆಂಟ್ಸ್. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಂತೆ ಹಿನ್ನೀರಿನ ದ್ವೀಪಗಳಲ್ಲಿ ಉಬ್ಬರದ ಗೆರೆಯಿಂದ 20 ಮೀಟರ್ ಬಿಡಬೇಕು, ಹಾಗಾಗಿ ನದಿಯ ಕಡೆ ಏನೂ ಮಾಡುವಂತಿರಲಿಲ್ಲ. ಕಾಟೇಜುಗಳ ಶೌಚದ ನೀರಿಗೆ ಇಂಗುಗುಂಡಿಯೂ ಬೇಕಿತ್ತು. ಅದು ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ದೂರವಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ನಾನೇ ಟೇಪು ಹಿಡಿದು ನನ್ನ ಬಾವಿಯಿಂದ ಅಳೆದೆ. ಲೆಕ್ಕ ಸರಿಯಾಗಿ ಕೂತದ್ದು ಒಂದೇ ಕಡೆ, ಪಂಚಾಯತಿನ ಕಾಲುದಾರಿಗೆ ತಾಗಿದ ಬೇಲಿಯ ಬುಡದಲ್ಲಿ.

ದಾರಿಯ ಆಚೆ ಪಕ್ಕದ ಮನೆಯ ಅಕ್ಕನ ಬಾವಿ ಇತ್ತು. ಅಲ್ಲಿಗೆ ಎಂಟು ಮೀಟರೂ ಇರಲಿಲ್ಲ. ಟೇಪನ್ನು ನಾನು ಆ ಕಡೆ ಎಳೆಯಲೇ ಇಲ್ಲ. ನಡುವೆ ಊರಿನ ದಾರಿ ಇದ್ದುದರಿಂದ ಆ ಬಾವಿ ಬೇರೆಯೇ ಊರಿನದ್ದು ಎಂಬಂತೆ ನಡೆದುಕೊಂಡೆ. ಗುಂಡಿ ತೋಡಿಸಿದ್ದು ಏಪ್ರಿಲ್ ತಿಂಗಳಲ್ಲಿ. ಆಗ ಆರಡಿಗೆ ನೀರು ಸಿಕ್ಕಿತು. ಐದಡಿ ಗುಂಡಿಗೆ ರಿಂಗು ಇಳಿಸಿ ಮುಚ್ಚಿದೆವು. ಮೇಸ್ತ್ರಿ ಮಾತ್ರ ‘ಮಳೆಗಾಲದಲ್ಲಿ ಒಮ್ಮೆ ನೋಡಿ ಮಾಡುದಲ್ವಾ’ ಎಂದಿದ್ದರು. ಸೀಸನ್ನಿಗೆ ಮುಗಿಯಬೇಕಿತ್ತು, ನಾನು ಕಾಯಲಿಲ್ಲ. ಜುಲೈಯಲ್ಲಿ ಅಲ್ಲಿ ಎರಡಡಿಗೇ ನೀರು. ಅಂದರೆ ನನ್ನ ಗುಂಡಿ ನೆಲದೊಳಗಿನ ನೀರಿನಲ್ಲೇ ಕೂತಿತ್ತು. ಇಂಗಿಸಲು ಒಣಮಣ್ಣೇ ಇಲ್ಲದಿದ್ದರೆ ಅದು ಸೋಸುವುದಾದರೂ ಎಲ್ಲಿ? ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರಕ್ಕೆ ಒಳಗಿನದೂ ಮೇಲೇರುತ್ತಿತ್ತು.

ಮರುವರ್ಷ ಗ್ರಾಮಸಭೆಯಲ್ಲಿ ಕಾಲುದಾರಿಯನ್ನು ಅಗಲ ಮಾಡುವ ಮಾತು ಬಂತು. ಕುದ್ರುವಿಗೆ ಸೇತುವೆ ಇತ್ತು, ಒಳಗೆ ಮಾತ್ರ ಮೂರಡಿ ದಾರಿ. ಕಾಯಿಲೆಯವರನ್ನು ಕುರ್ಚಿಯಲ್ಲಿ ಕೂರಿಸಿ ಸೇತುವೆ ತನಕ ಹೊರಬೇಕಿತ್ತು. ರಿಕ್ಷಾ ಬರುವಷ್ಟು ಜಾಗಕ್ಕೆ ನನ್ನ ಕಡೆಯಿಂದ ಆರಡಿ ಬೇಕಿತ್ತು. ಆ ಆರಡಿಯಲ್ಲೇ ಗುಂಡಿ ಇತ್ತು. ನಾನು ಗುಂಡಿಯ ಹೆಸರೆತ್ತಲಿಲ್ಲ. ಅಪ್ಪ ನೆಟ್ಟ ತೆಂಗಿನಮರಗಳು ಹೋಗುತ್ತವೆ ಎಂದೆ. ವರ್ಗ ಜಾಗ, ನನ್ನ ಸ್ವಂತದ್ದು ಎಂದು ಬರೆದು ತಕರಾರು ಅರ್ಜಿ ಕೊಟ್ಟೆ. ದಾರಿಯ ಕೆಲಸ ನಿಂತಿತು. ಅಪ್ಪನ ಹೆಸರನ್ನು ಸುಳ್ಳಿಗೆ ಬಳಸಿದ್ದು ಇಂದಿಗೂ ಚುಚ್ಚುತ್ತದೆ.

ಡಿಸೆಂಬರಿನ ರಜೆಯಲ್ಲಿ ಎರಡೂ ಕಾಟೇಜು ತುಂಬಿದ್ದಾಗ ಗುಂಡಿ ಉಕ್ಕಿತು. ಸಕ್ಕಿಂಗ್ ಲಾರಿ ಸೇತುವೆ ದಾಟಿ ಬಂದು ಮೂರಡಿ ದಾರಿಯ ಮುಂದೆ ನಿಂತಿತು. ಅವರ ಪೈಪು ಅರ್ಧ ದೂರಕ್ಕೂ ಮುಟ್ಟಲಿಲ್ಲ. ದಾರಿಯಿಂದ ಕಾಪಾಡಿದ್ದೆ ಎಂದುಕೊಂಡ ಗುಂಡಿಗೆ ಬೇಕಾಗಿದ್ದದ್ದೇ ದಾರಿ. ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಯದಿದ್ದರೆ ಎಂಥ ಟ್ಯಾಂಕೂ ಉಳಿಯುವುದಿಲ್ಲ.

ರಾತ್ರಿ ಬಕೆಟಿನಲ್ಲಿ ಎತ್ತಿಕೊಡುವವರಿದ್ದಾರೆ ಎಂದು ಯಾರೋ ಹೇಳಿದರು. ನಾನು ದರ ಕೇಳಿದೆ. ರಕ್ಷಣಾ ಸಾಧನಗಳಿಲ್ಲದೆ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು 2013ರ ಕಾನೂನಿನಂತೆ ಅಪರಾಧ. ಆ ರಾತ್ರಿ ನನ್ನನ್ನು ತಡೆದದ್ದು ಕಾನೂನಿನ ಹೆದರಿಕೆ, ನಾಚಿಕೆ ಆಮೇಲೆ ಬಂತು. ಬಂದಿದ್ದ ಪ್ರವಾಸಿಗರಿಗೆ ಹಣ ಹಿಂದೆ ಕೊಟ್ಟು ಕಳಿಸಿ ಬೀಗ ಹಾಕಿದೆ.

ಎರಡು ದಿನ ಬಿಟ್ಟು ಅಕ್ಕ ಬಂದರು. ‘ನಮ್ಮ ನೀರು ವಾಸನೆ ಬರ್ತದೆ, ನೀವೊಮ್ಮೆ ನೋಡಿ’ ಎಂದರು. ನನ್ನನ್ನು ದೂರಲು ಅಲ್ಲ, ಓದಿದವನು ಏನಾದರೂ ಹೇಳಿಯಾನು ಎಂದು ಕೇಳಿದ್ದು. ಆಗ ಅವರ ಜಗಲಿಯಲ್ಲೇ ಕೂತು ಎಲ್ಲ ಹೇಳಿದೆ, ಅರ್ಜಿಯದ್ದೂ. ಅವರು ತುಂಬ ಹೊತ್ತು ಮಾತಾಡಲಿಲ್ಲ. ‘ಅವರನ್ನು ಕುರ್ಚಿಯಲ್ಲಿ ಹೊತ್ತದ್ದು ನೀವೂ ಕಂಡಿದ್ರಿ’ ಎಂದರು. ಅವರು ಹೇಳಿದ್ದು ತಮ್ಮ ಗಂಡನ ಬಗ್ಗೆ. ಹೊತ್ತವರಲ್ಲಿ ನಾನೂ ಒಬ್ಬನಾಗಿದ್ದೆ.

ತಕರಾರು ಹಿಂದೆಗೆದು ಆರಡಿ ಬಿಟ್ಟುಕೊಟ್ಟೆ. ಗುಂಡಿ ಖಾಲಿ ಮಾಡಿಸಿ ಮುಚ್ಚಿಸಿದೆ. ಒಂದು ಕಾಟೇಜು ಕೆಡವಿ, ಎರಡೂ ಬಾವಿಗಳಿಂದ ಅಳೆದು, ಆ ಜಾಗದಲ್ಲಿ ಸೋರದ ಟ್ಯಾಂಕು ಕಟ್ಟಿಸಿದೆ. ಅದರ ನೀರು ಈಗ ನೆಲಕ್ಕಿಂತ ಎತ್ತರಿಸಿದ ಮರಳು–ಜಲ್ಲಿಯ ದಿಬ್ಬದಲ್ಲಿ ಇಂಗುತ್ತದೆ. ದಾರಿಗೆ ಎರಡು ತೆಂಗು ಹೋದವು. ಲಾರಿ ಈಗ ಗೇಟಿನ ತನಕ ಬರುತ್ತದೆ, ರಿಕ್ಷಾವೂ.

ಅಕ್ಕನ ಬಾವಿಯನ್ನು ಎರಡು ಸಲ ಬರಿದು ಮಾಡಿಸಿ ಬ್ಲೀಚಿಂಗ್ ಪೌಡರ್ ಹಾಕಿಸಿದೆ. ಒಂದು ಮಳೆಗಾಲ ಕಳೆದ ಮೇಲೆ ನೀರು ಪರೀಕ್ಷೆ ಮಾಡಿಸಿ, ಕುಡಿಯಬಹುದು ಎಂದಿದ್ದ ಚೀಟಿಯನ್ನು ಅವರ ಕೈಗೆ ಕೊಟ್ಟೆ. ಅವರು ಓದಿ, ಮಡಚಿ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ಆ ನೀರು ಈಗಲೂ ತೆಂಗಿನ ಬುಡಕ್ಕೆ, ಬಟ್ಟೆಗೆ. ಕುಡಿಯಲು ಮಾತ್ರ ನಾಲ್ಕನೇ ಮನೆಯಿಂದ ಕೊಡಪಾನ ಹೊತ್ತು, ಹೊಸ ದಾರಿಯಲ್ಲಿ, ನನ್ನ ಗೇಟಿನ ಮುಂದೆಯೇ ಹೋಗುತ್ತಾರೆ.