ಕಾರ್ಮೆಲ್ ಬೆಟ್ಟದ ತಪ್ಪಲಲ್ಲಿ ಒಂದು ಹಗಲು

ಕಾರ್ಮೆಲ್ ಎಂಬ ಹೆಸರು ಬೆಂಗಳೂರಿನವರ ಕಿವಿಗೆ ಹೊಸದಲ್ಲ. ೧೯೪೮ರಲ್ಲಿ ನಮ್ಮ ಊರಿನಲ್ಲಿ ಆರಂಭವಾದ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಓದಿ ಮುಂದೆ ಬಂದಿದ್ದಾರೆ. ಆದರೆ ಆ ಹೆಸರಿನ ನಿಜವಾದ ಬೆಟ್ಟವು ಭೂಮಧ್ಯಸಮುದ್ರದ ಪೂರ್ವತೀರದಲ್ಲಿ, ಇಸ್ರೇಲ್ ದೇಶದ ಉತ್ತರಭಾಗದಲ್ಲಿ ಇರುವುದೆಂಬುದೂ, ಅದರ ಅಡಿಯಲ್ಲಿ ಹೈಫಾ ಎಂಬ ರೇವುಪಟ್ಟಣವು ಹರಡಿಕೊಂಡಿರುವುದೆಂಬುದೂ, ಆ ಪಟ್ಟಣವನ್ನು ೧೯೧೮ರ ಸೆಪ್ಟೆಂಬರ್ ೨೩ರಂದು ತುರ್ಕರಿಂದ ಗೆದ್ದುಕೊಂಡವರಲ್ಲಿ ಮೈಸೂರು ಸಂಸ್ಥಾನದ ರಾವುತರು ಇದ್ದರೆಂಬುದೂ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಪಟ್ಟಣದಲ್ಲಿ ಒಂದು ಹಗಲನ್ನು ಕಳೆಯುವ ಯೋಗವು ೨೦೧೯ರ ಫೆಬ್ರವರಿ ತಿಂಗಳಿನಲ್ಲಿ ನನಗೆ ಒದಗಿತು. ಅದರ ವೃತ್ತಾಂತವನ್ನು ವಾಚಕರ ಮುಂದಿಡಲು ಒಂದು ಕಾರಣವುಂಟು. ಅದು ಮುಂದೆ ತಾನಾಗಿ ತಿಳಿದೀತು.

ನಾನು ಹಲಸೂರಿನವನು. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ನಿವೃತ್ತನಾದವನು. ನಮ್ಮ ದಂಡಿನ ಪ್ರದೇಶದಲ್ಲಿ ಹುಟ್ಟಿ ಬೆಳೆದವನಿಗೆ ಒಂದು ಲಾಭವುಂಟು: ಸೋಮೇಶ್ವರನ ತೇರಿಗೆ ಹೋದಂತೆಯೇ ಸೆಪ್ಟೆಂಬರ್ ೮ರಂದು ಶಿವಾಜಿನಗರದ ಮರಿಯಮ್ಮನವರ ತೇರಿಗೂ ಬಾಲ್ಯದಿಂದ ಹೋಗಿಬರುತ್ತಾನೆ, ಪರಮತವೆಂಬ ಮಾತು ಅವನಿಗೆ ಪುಸ್ತಕದಲ್ಲಿ ಮಾತ್ರ ಕಾಣಸಿಗುವುದು. ನನ್ನೊಡನೆ ಇಪ್ಪತ್ತು ವರ್ಷ ಗಣಿತ ಹೇಳಿಕೊಟ್ಟ ಮಿತ್ರರೊಬ್ಬರು ಕ್ರೈಸ್ತರು. ಅವರು ಶಿವಾಜಿನಗರದಿಂದ ಹೊರಡುವ ಯಾತ್ರಿಕರ ತಂಡವೊಂದಕ್ಕೆ ಸೇರಿ, “ಪಂಡಿತರೇ, ನೀವೂ ಹೊರಡಿ. ನಿಮ್ಮ ಕಾಶೀಯಾತ್ರೆಗೆ ನಾನು ಜೊತೆ ಬಂದಿರಲಿಲ್ಲವೇ?” ಎಂದರು. ಈ ಋಣಕ್ಕೆ ಉತ್ತರವಿರಲಿಲ್ಲ. ಅವರ ಯಾತ್ರೆಯ ಪಟ್ಟಿಯಲ್ಲಿ ಒಂದು ದಿನ ಹೈಫಾ ಮತ್ತು ಏಕರ್ ಪಟ್ಟಣಗಳಿಗೆಂದು ನಿಗದಿಯಾಗಿದ್ದುದನ್ನು ನೋಡಿ ನನ್ನ ಮನಸ್ಸೂ ಹೊರಟಿತು.

ಹೊರಡುವ ವಾರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಜೆ. ಸಿ. ನಗರದ ಮುನಿರೆಡ್ಡಿಪಾಳ್ಯದಲ್ಲಿ ವಾಸ. ಆಟೋರಿಕ್ಷಾ ಓಡಿಸಿ ಸಂಸಾರ ಸಾಗಿಸುವವನು. ಅವನ ಮುತ್ತಾತನು ಮೈಸೂರು ಲ್ಯಾನ್ಸರ್ಸ್ ಎಂಬ ರಾವುತಪಡೆಯಲ್ಲಿದ್ದು, ಮೊದಲನೆಯ ಮಹಾಯುದ್ಧಕ್ಕೆ ಸಮುದ್ರ ದಾಟಿ ಹೋದವನು ಹಿಂದಿರುಗಲಿಲ್ಲ. ಒಂದು ಪದಕ ಮನೆಯಲ್ಲಿದ್ದಿತಂತೆ. ಕಷ್ಟಕಾಲದಲ್ಲಿ ಅದೂ ಮಾರಿಹೋಯಿತು. ಪಾಳ್ಯದ ಹತ್ತಿರ ಆ ಪಡೆಯವರ ಸ್ಮಾರಕವಾದ ಕಲ್ಲಿನ ಕಂಬದ ಮೇಲೆ ಅವನ ಹೆಸರು ಉಳಿದಿದೆ, ಮತ್ತೇನೂ ಇಲ್ಲ.

“ಮೇಷ್ಟ್ರೇ, ನಮ್ಮಜ್ಜಿ ಇರೋತನಕ ಮಾಲಯ ಅಮಾಸೆ ದಿನ ಅವರಿಗೂ ಒಂದು ಎಡೆ ಇಡ್ತಿದ್ದರು. ಯಾವತ್ತು ಸತ್ತರು, ಎಲ್ಲಿ ಸತ್ತರು ಒಂದೂ ಗೊತ್ತಿಲ್ಲ. ದಿನ ಗೊತ್ತಿಲ್ಲದೆ ಇಟ್ಟ ಎಡೆ ಅವರಿಗೆ ಮುಟ್ಟುತ್ತಾ ಅಂತ ಅಜ್ಜಿಗೆ ಸಾಯೋವರೆಗೂ ಕೊರಗು. ಅಲ್ಲಿ ಕಲ್ಲಿನ ಮೇಲೆ ಏನಾದರೂ ಬರೆದಿದ್ದಾರಾ ನೋಡ್ಕೊಂಡು ಬನ್ನಿ” ಎಂದು, ಹೆಸರು ಬರೆದ ಒಂದು ಚೀಟಿಯನ್ನು ಕೊಟ್ಟನು. ಅದನ್ನು ಪಂಚಾಂಗದ ಹಾಳೆಗಳ ನಡುವೆ ಇಟ್ಟುಕೊಂಡು ಹೊರಟೆನು.

ಆ ದಿನ ನಾವು ನಜರೇತಿನ ಬಿಡಾರದಿಂದ ಮುಂಜಾನೆಯೇ ಬಸ್ಸು ಹತ್ತಿದೆವು. ನಮ್ಮ ಗೈಡು ಅದೇ ಊರಿನ ಅರಬ್ ಕ್ರೈಸ್ತ. ಐವತ್ತರ ಆಸುಪಾಸಿನ ಪ್ರಾಯ, ಮಿತವಾದ ಮಾತು, ಕೈಗಡಿಯಾರದ ಮೇಲೆಯೇ ಕಣ್ಣು. ಇಂಗ್ಲಿಷಿನಲ್ಲಿ ಅವನು ಹೇಳಿದುದನ್ನು ಹಿಂದಿನ ಸಾಲುಗಳಲ್ಲಿ ಒಬ್ಬರು ತಮಿಳಿಗೆ, ಇನ್ನೊಬ್ಬರು ಕೊಂಕಣಿಗೆ ತಿರುಗಿಸಿ ಹೇಳುತ್ತಿದ್ದುದರಿಂದ ಬಸ್ಸು ನಮ್ಮ ರಸೆಲ್ ಮಾರ್ಕೆಟ್ಟಿನ ಹಾಗೆ ಕೇಳಿಸುತ್ತಿದ್ದಿತು.

ಬಯಲು ಕಳೆದು ಪಟ್ಟಣವು ಸಮೀಪಿಸಿದಂತೆ ಎಡಗಡೆ ಕಾರ್ಮೆಲ್ ಬೆಟ್ಟ, ಬಲಗಡೆ ಕೀಶೋನ್ ಹೊಳೆ. ಇವೆರಡರ ನಡುವೆ ಇಕ್ಕಟ್ಟಾದ ದಾರಿ. ಯುದ್ಧದ ಕಥೆಯಲ್ಲಿ ಓದಿದ್ದ ನೆಲವು ಕಣ್ಣಿಗೆ ಬಿದ್ದೊಡನೆ ಅದರ ಕಷ್ಟವು ಅರ್ಥವಾಯಿತು. ೧೯೧೪ರಲ್ಲಿ ಯುದ್ಧವು ಆರಂಭವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಅದರ ವೆಚ್ಚಕ್ಕೆಂದು ೫೦ ಲಕ್ಷ ರೂಪಾಯಿಗಳನ್ನಿತ್ತು, ತಮ್ಮ ರಾವುತಪಡೆಯನ್ನೂ ಕಳುಹಿಸಿದರು. ಅದು ಮೊದಲು ಸೂಯೆಜ್ ಕಾಲುವೆಯನ್ನು ಕಾಯಿತು. ಬಳಿಕ ಜೋಧಪುರ, ಹೈದರಾಬಾದು ಸಂಸ್ಥಾನಗಳ ರಾವುತರೊಡನೆ ೧೫ನೆಯ ಅಶ್ವದಳದಲ್ಲಿ ಸೇರಿ ಪ್ಯಾಲೆಸ್ಟೈನಿಗೆ ಬಂದಿತು. ಆ ಸೆಪ್ಟೆಂಬರ್ ೨೩ರ ಬೆಳಗ್ಗೆ ದಳವು ಅಫೂಲಾ ಎಂಬಲ್ಲಿಂದ ಹೊರಟು ಹತ್ತು ಗಂಟೆಯ ವೇಳೆಗೆ ಈ ಇಕ್ಕಟ್ಟಿನ ಬಾಯಿಗೆ ಬಂದಾಗ ಬೆಟ್ಟದ ಮೇಲಿಂದ ಫಿರಂಗಿಗಳು ಸಿಡಿದವು. ಆಗ ಮೈಸೂರಿನ ಒಂದು ತುಕಡಿಯು ಎರಡು ಮೆಷಿನ್‌ಗನ್ನುಗಳೊಡನೆ ಬೆಟ್ಟವನ್ನು ಹತ್ತಿ ಅಲ್ಲಿನ ಫಿರಂಗಿಗಳ ಬಾಯಿ ಮುಚ್ಚಿಸಲು ಹೊರಟಿತು. ಮಧ್ಯಾಹ್ನ ಎರಡು ಗಂಟೆಗೆ ಜೋಧಪುರದವರು ಕೆಳಗಿನಿಂದ ನುಗ್ಗಿದರು; ಹೊಳೆಯ ದಂಡೆಯ ಹೂಳಿನಲ್ಲಿ ಮುಂದಿನ ಕುದುರೆಗಳು ಸಿಕ್ಕಿಬೀಳಲು, ಗುಂಡಿನ ಸುರಿಮಳೆಯಲ್ಲಿಯೇ ಎಡಕ್ಕೆ ತಿರುಗಿ ಬೆಟ್ಟದ ಬುಡವನ್ನು ಹಿಡಿದರು. ಅವರ ಹಿಂದೆಯೇ ಉಳಿದ ಮೈಸೂರಿನವರು ಪಟ್ಟಣವನ್ನು ಹೊಕ್ಕರು. ಸಂಜೆಯೊಳಗೆ ಎಲ್ಲ ಮುಗಿದಿತ್ತು. ಸೆರೆಸಿಕ್ಕವರು ೧೩೫೦ ಮಂದಿ. ಗೆದ್ದ ಪಕ್ಷದಲ್ಲಿ ಮಡಿದವರು ೮, ಗಾಯಗೊಂಡವರು ೩೪. ಸತ್ತ ಕುದುರೆಗಳು ೬೦, ಗಾಯಗೊಂಡವು ೮೩. ಆಳಿಗಿಂತ ಕುದುರೆಯೇ ಹೆಚ್ಚಾಗಿ ಸತ್ತಿತು ಎಂಬ ಲೆಕ್ಕವನ್ನು ಕೇಳಿ ನನ್ನ ಗಣಿತದ ಮಿತ್ರರು ಬಹಳ ಹೊತ್ತು ಮಾತನಾಡಲಿಲ್ಲ.

ಬಸ್ಸು ಬೆಟ್ಟವನ್ನೇರಿತು. ಎಲೀಯ ಪ್ರವಾದಿಯು ವೇದಿಕೆಯನ್ನು ಕಟ್ಟಿ ಪ್ರಾರ್ಥಿಸಲು ಆಕಾಶದಿಂದ ಅಗ್ನಿಯು ಇಳಿದುಬಂದು ಬಲಿಯನ್ನು ಸ್ವೀಕರಿಸಿತೆಂದು ಬೈಬಲ್ಲು ಹೇಳುವುದು ಈ ಬೆಟ್ಟದ ವಿಷಯದಲ್ಲಿಯೇ. ಆತನದೆಂದು ತೋರಿಸುವ ಗುಹೆಗೆ ಯೆಹೂದ್ಯರೂ ಕ್ರೈಸ್ತರೂ ಮುಸಲ್ಮಾನರೂ ಬಂದು ನಮಿಸುವರು. ಇಲ್ಲಿ ತಪಸ್ಸಿಗೆ ಕುಳಿತ ಸಂನ್ಯಾಸಿಗಳಿಂದಲೇ ಕಾರ್ಮೆಲ್ ಸಂಪ್ರದಾಯವು ಹುಟ್ಟಿ, ಲೋಕವನ್ನು ಸುತ್ತಿ, ಕಡೆಗೆ ನಮ್ಮ ಕಾಲೇಜಿಗೂ ಹೆಸರನ್ನು ಕೊಟ್ಟಿತು. ಬೆಟ್ಟದ ಓರೆಯಲ್ಲಿ ಬಹಾಯಿ ಮತದವರ ಹೊಂಬಣ್ಣದ ಗುಮ್ಮಟ. ಅದರ ಮೇಲೂ ಕೆಳಗೂ ಸೇರಿ ೧೯ ಅಂತಸ್ತುಗಳ ಉದ್ಯಾನ. ಆ ಉದ್ಯಾನವನ್ನು ರಚಿಸಿದ ಶಿಲ್ಪಿಯೇ ದೆಹಲಿಯ ಕಮಲಮಂದಿರವನ್ನೂ ರಚಿಸಿದವನು. ಮೇಲಿನ ಕಟ್ಟೆಯಲ್ಲಿ ನಿಂತರೆ ಗುಮ್ಮಟ, ಊರು, ಹಡಗುಗಳು, ಅದರಾಚೆ ನೀಲಿಯ ಕಡಲು ಒಂದರ ಕೆಳಗೊಂದು ಮೆಟ್ಟಿಲಿನಂತೆ ಇಳಿದುಹೋಗುವುವು.

ಎಲ್ಲರೂ ಚಿತ್ರಗಳನ್ನು ತೆಗೆಯುತ್ತಿರಲು, ಗೈಡು ನನ್ನ ಬಳಿ ನಿಂತು ಕೆಳಗಿನ ಒಂದು ಕೇರಿಯನ್ನು ತೋರಿಸಿ, “ಅದು ವಾದಿ ಸಲೀಬ್. ೧೯೪೮ರವರೆಗೆ ನಮ್ಮ ತಾತನ ಮನೆ ಅಲ್ಲಿದ್ದಿತು” ಎಂದನು. ಆ ವರ್ಷದ ಯುದ್ಧದಲ್ಲಿ ಹೈಫಾದ ಅರಬ್ಬರಲ್ಲಿ ಹೆಚ್ಚಿನವರು ಊರನ್ನು ಬಿಟ್ಟುಹೋಗಬೇಕಾಯಿತೆಂಬುದನ್ನು ನಾನು ಓದಿದ್ದೆನು. ಮನೆಯು ಈಗಲೂ ಇದೆಯೇ ಎಂದು ಕೇಳಿದೆನು. “ಗೋಡೆಗಳಿವೆ” ಎಂದನು. ಇದನ್ನು ಅವನು ತಂಡಕ್ಕೆ ಹೇಳಲಿಲ್ಲ. ಯಾತ್ರೆಯ ಪಟ್ಟಿಯಲ್ಲಿ ಅದಕ್ಕೆ ಎಡೆಯಿರಲಿಲ್ಲ.

ಆ ಮಾತೇ ನನಗೆ ಧೈರ್ಯವನ್ನು ಕೊಟ್ಟಿತು. ಪಂಚಾಂಗದಿಂದ ಚೀಟಿಯನ್ನು ತೆಗೆದು ತೋರಿಸಿ, ಭಾರತೀಯ ಸೈನಿಕರ ಸ್ಮಶಾನಕ್ಕೆ ಹೋಗಬಹುದೇ ಎಂದು ಕೇಳಿದೆನು. ಅದೂ ಪಟ್ಟಿಯಲ್ಲಿರಲಿಲ್ಲ. “ಮೈಸೂರು?” ಎಂದು ಅವನು ಒಮ್ಮೆ ಉಚ್ಚರಿಸಿ ನೋಡಿದನು. ಹೈಫಾದ ಶಾಲೆಗಳಲ್ಲಿ ಈ ಕಥೆಯನ್ನು ಮಕ್ಕಳಿಗೆ ಹೇಳಿಕೊಡುವರೆಂದು ತಿಳಿಸಿದನು. ಮಿಕ್ಕವರು ಊಟಕ್ಕೆ ಕುಳಿತ ಸಮಯದಲ್ಲಿ ತನ್ನ ಊಟವನ್ನು ಬಿಟ್ಟು ನಮ್ಮಿಬ್ಬರನ್ನು ಜಾಫಾ ರಸ್ತೆಗೆ ಕರೆದೊಯ್ದನು.

ಅದೊಂದು ಸದ್ದಿಲ್ಲದ ಅಂಗಳ. ಹಸುರು ಹುಲ್ಲು, ಒಪ್ಪವಾದ ಕಲ್ಲುಗಳು. ೨೦೧೭ರ ಜುಲೈಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಅಲ್ಲಿಗೆ ಬಂದು, ಆ ದಾಳಿಯಲ್ಲಿ ಮಡಿದ ಜೋಧಪುರದ ಮೇಜರ್ ದಲಪತ್ ಸಿಂಗರ ಸ್ಮರಣಾರ್ಥವಾಗಿ ಫಲಕವೊಂದನ್ನು ಅನಾವರಣಗೊಳಿಸಿದ್ದರು. ನಾನು ಒಂದು ಕಡೆಯಿಂದ, ಮಿತ್ರರು ಇನ್ನೊಂದು ಕಡೆಯಿಂದ, ಅಕ್ಷರವಿದ್ದ ಕಲ್ಲುಗಳನ್ನೆಲ್ಲ ಓದುತ್ತ ಬಂದೆವು. ಚೀಟಿಯ ಹೆಸರು ನಮಗೆ ಸಿಕ್ಕಲಿಲ್ಲ. ಗೈಡು ಬಾಗಿಲಿನಲ್ಲಿ ಟೊಪ್ಪಿಗೆಯನ್ನು ತೆಗೆದು ಕಾಯುತ್ತಿದ್ದನು. ಆ ಹೊತ್ತಿನಲ್ಲಿ ಒಮ್ಮೆಯೂ ಗಡಿಯಾರವನ್ನು ನೋಡಲಿಲ್ಲ.

ಏಕರಿಗೆ ಹೋಗುವ ದಾರಿಯಲ್ಲಿ ಮಿತ್ರರು ಕೇಳಿದರು: “ಪಂಡಿತರೇ, ಇವರು ಯಾರಿಗೋಸ್ಕರ ಸತ್ತರು? ಯುದ್ಧ ಇಂಗ್ಲಿಷರದು. ಇವರು ಹೈಫಾವನ್ನು ಗೆದ್ದುಕೊಟ್ಟು ಏಳು ತಿಂಗಳು ತುಂಬುವುದರೊಳಗೆ ಅದೇ ಸರ್ಕಾರದವರು ಜಲಿಯನ್‌ವಾಲಾಬಾಗಿನಲ್ಲಿ ಗುಂಡು ಹಾರಿಸಿದರು.” ಮಾತು ಸತ್ಯ, ೧೯೧೯ರ ಏಪ್ರಿಲ್ ೧೩ನ್ನು ಯಾರು ಮರೆತಾರು? ನಾನು ಹೇಳಿದೆನು: “ಅನ್ನ ಹಾಕಿದ ಒಡೆಯನಿಗೆ ಪ್ರಾಣವನ್ನು ಒಪ್ಪಿಸುವುದನ್ನು ನಮ್ಮ ಹಳಗನ್ನಡದವರು ಜೋಳವಾಳಿ ಎಂದರು. ಬೆಂಗಳೂರು ಎಂಬ ಹೆಸರನ್ನು ನಾವು ಮೊದಲು ಕಾಣುವುದೇ ಬೇಗೂರಿನ ವೀರಗಲ್ಲಿನಲ್ಲಿ, ಸುಮಾರು ೮೯೦ರಲ್ಲಿ, ಬೆಂಗಳೂರ ಕಾಳಗದಲ್ಲಿ ಸತ್ತವನೊಬ್ಬನಿಗಾಗಿ ನಿಲ್ಲಿಸಿದುದು. ಆ ಕಾಳಗವು ನ್ಯಾಯವೋ ಅನ್ಯಾಯವೋ ಎಂದು ಕಲ್ಲು ವಿಚಾರಿಸುವುದಿಲ್ಲ.” “ವಿಚಾರಿಸದೆ ಇರುವುದೇ ಅದರ ದೋಷ” ಎಂದರು ಅವರು. “ಇರಬಹುದು. ಆದರೆ ಕಳುಹಿಸಿದವರ ಲೆಕ್ಕ ಬೇರೆ, ಹೋದವರ ಲೆಕ್ಕ ಬೇರೆ” ಎಂದೆನು. ಅವರು ಸ್ವಲ್ಪ ಯೋಚಿಸಿ, “ಎರಡು ಲೆಕ್ಕವೆಂದರೆ ಒಪ್ಪುತ್ತೇನೆ. ಒಂದನ್ನು ಓದುವಾಗ ಇನ್ನೊಂದನ್ನು ಮುಚ್ಚಬಾರದು, ಅಷ್ಟೆ” ಎಂದರು. ನನಗೂ ಅದು ಒಪ್ಪಿಗೆಯಾಯಿತು.

ಏಕರ್ ಪಟ್ಟಣವು ಕೊಲ್ಲಿಯ ಆಚೆಯ ತುದಿಯಲ್ಲಿದೆ. ಕಡಲು ಅದರ ಕೋಟೆಯ ಗೋಡೆಯನ್ನೇ ಬಡಿಯುತ್ತದೆ. ಗೈಡು ಅಲ್ಲಿ ನಮ್ಮನ್ನು ನಿಲ್ಲಿಸಿ, ೧೭೯೯ರ ಮಾರ್ಚಿಯಿಂದ ಮೇ ೨೦ರವರೆಗೆ ನೆಪೋಲಿಯನ್ನನು ಮುತ್ತಿಗೆ ಹಾಕಿಯೂ ಈ ಗೋಡೆಯನ್ನು ಗೆಲ್ಲಲಾರದೆ ಈಜಿಪ್ಟಿಗೆ ಹಿಂದಿರುಗಿದನೆಂದು ಹೇಳಿದನು. ನಮಗಿಬ್ಬರಿಗೂ ಆ ವರ್ಷವು ಬೇರೊಂದು ಗೋಡೆಯನ್ನು ನೆನಪಿಗೆ ತಂದಿತು. ಅದೇ ವರ್ಷದ ಜನವರಿಯಲ್ಲಿ ನೆಪೋಲಿಯನ್ನನು ಕೈರೋದಿಂದ ಟಿಪ್ಪುಸುಲ್ತಾನನಿಗೆ ಪತ್ರವನ್ನು ಬರೆದಿದ್ದನು. ಅದು ಇಂಗ್ಲಿಷರ ಕೈಗೆ ಸಿಕ್ಕಿತು. ಏಕರಿನ ಮುತ್ತಿಗೆಯು ನಡೆಯುತ್ತಿರುವಾಗಲೇ, ಮೇ ೪ರಂದು, ಶ್ರೀರಂಗಪಟ್ಟಣದ ಕೋಟೆ ಒಡೆದು ಟಿಪ್ಪು ಮಡಿದನು. ಶ್ರೀರಂಗಪಟ್ಟಣದಲ್ಲಿ ನೆಲೆನಿಂತ ಇಂಗ್ಲಿಷರ ಸೈನ್ಯವು ಅಲ್ಲಿಯ ಜ್ವರಬಾಧೆಯನ್ನು ತಾಳಲಾರದೆ ೧೮೦೯ರಲ್ಲಿ ಹಲಸೂರಿನ ಮಗ್ಗುಲಿಗೆ ಬಂದಿಳಿಯಿತು. ಅದೇ ನಮ್ಮ ದಂಡು. ಆ ಕಡಲಗೋಡೆಯ ಮೇಲೆ ಕೈಯಿಟ್ಟು ನಿಂತಾಗ, ನನ್ನ ಮನೆಯ ಬೀದಿ ಹುಟ್ಟಿದ ವೃತ್ತಾಂತದ ಒಂದು ಎಳೆಯನ್ನು ಮುಟ್ಟಿದಂತಾಯಿತು. ಸಂಜೆಗೆ ನಜರೇತಿಗೆ ಹಿಂದಿರುಗಿದೆವು. ೨೦೨೩ರ ಅಕ್ಟೋಬರಿನಿಂದ ಆ ಸೀಮೆಯಲ್ಲಿ ಮತ್ತೆ ಯುದ್ಧವಾಗಿ, ೨೦೨೫ರ ಜೂನ್‌ನಲ್ಲಿ ಹೈಫಾದ ಮೇಲೂ ಕ್ಷಿಪಣಿಗಳು ಬಿದ್ದ ಸುದ್ದಿಯನ್ನು ಓದಿದಾಗ ನನಗೆ ಮೊದಲು ನೆನಪಾದವನು ಆ ಗೈಡು.

ಊರಿಗೆ ಬಂದಮೇಲೆ ವಿದ್ಯಾರ್ಥಿಯನ್ನು ಕರೆಯಿಸಿ ಚೀಟಿಯನ್ನು ಹಿಂದಕ್ಕೆ ಕೊಟ್ಟೆನು. ಹೆಸರು ಸಿಕ್ಕಲಿಲ್ಲವೆಂದು ಹೇಳಿದೆನು. ಅವನ ಮುತ್ತಾತನು ಹೈಫಾದಲ್ಲಿಯೇ ಮಡಿದನೆನ್ನಲು ಆಧಾರವಿಲ್ಲ. ಆ ಪಡೆಯು ಮುಂದೆ ಅಕ್ಟೋಬರ್ ೨೬ರಂದು ಅಲೆಪ್ಪೊ ನಗರದ ಬಳಿ ಹರಿತಾನ್ ಎಂಬಲ್ಲಿಯೂ ಕಾದಿತು. ಆ ಶರತ್ಕಾಲದಲ್ಲಿ ಮಲೇರಿಯಾ ಜ್ವರದಿಂದಲೂ ಸೈನ್ಯವು ಬಹಳ ನವೆದಿತು. ಆದರೆ ಒಂದು ಸಂಗತಿಯನ್ನು ಪಂಚಾಂಗದ ಲೆಕ್ಕದಿಂದ ಅವನಿಗೆ ತೋರಿಸಿದೆನು. ೧೯೧೮ರಲ್ಲಿ, ಕಾಳಯುಕ್ತಿ ಸಂವತ್ಸರದಲ್ಲಿ, ಭಾದ್ರಪದದ ಹುಣ್ಣಿಮೆಯು ಸೆಪ್ಟೆಂಬರ್ ೨೦ಕ್ಕೆ ಬಂದಿತ್ತು. ಹೈಫಾದ ಕಾಳಗವು ಹುಣ್ಣಿಮೆ ಕಳೆದ ಮೂರನೆಯ ದಿನ, ಪಿತೃಗಳಿಗೆಂದೇ ಮೀಸಲಾದ ಮಹಾಲಯ ಪಕ್ಷದಲ್ಲಿ ನಡೆಯಿತು. ಅದಲ್ಲದೆ, ಆ ಪಕ್ಷದ ಚತುರ್ದಶಿಯನ್ನು ನಮ್ಮ ಶಾಸ್ತ್ರಕಾರರು ಶಸ್ತ್ರದಿಂದ ಹತರಾದವರಿಗೆಂದು ವಿಧಿಸಿದ್ದಾರೆ. ಮಾರನೆಯ ದಿನದ ಅಮಾವಾಸ್ಯೆಯು ತಿಥಿ ತಿಳಿಯದ ಎಲ್ಲರಿಗೂ ಸಲ್ಲುವುದು. ಎಲ್ಲಿಯೋ ಹೋಗಿ ಹಿಂದಿರುಗದವರನ್ನು ಹಿಂದಿನವರು ಮರೆತಿರಲಿಲ್ಲ. “ನಿಮ್ಮಜ್ಜಿ ಇಟ್ಟ ಎಡೆ ಸರಿಯಾದ ದಿನವೇ ಇಟ್ಟದ್ದಪ್ಪ” ಎಂದೆನು. ಅವನು ತಲೆ ತಗ್ಗಿಸಿ ಬಹಳ ಹೊತ್ತು ಕುಳಿತಿದ್ದನು.

ಆ ವರ್ಷದ ಚತುರ್ದಶಿಯು ಸೆಪ್ಟೆಂಬರ್ ೨೭ರಂದು ಬಂದಿತು. ಹಿಂದಿನ ಭಾನುವಾರ ಅವನೂ ಅವನ ಹತ್ತು ವರ್ಷದ ಮಗನೂ ನಾನೂ ಕಂಬದ ಬಳಿಗೆ ಹೋಗಿ, ಹುಡುಗನ ಕೈಯಲ್ಲಿ ಹೆಸರುಗಳನ್ನೆಲ್ಲ ಒಂದು ನೋಟುಬುಕ್ಕಿಗೆ ಬರೆಯಿಸಿದೆವು. ದೆಹಲಿಯ ತೀನ್‌ಮೂರ್ತಿ ವೃತ್ತದಲ್ಲಿ ಜೋಧಪುರ, ಮೈಸೂರು, ಹೈದರಾಬಾದು ಪಡೆಗಳ ಮೂವರು ರಾವುತರ ಪ್ರತಿಮೆಗಳಿವೆ. ಅದಕ್ಕೆ ೨೦೧೮ರಲ್ಲಿ ಹೈಫಾದ ಹೆಸರೂ ಸೇರಿತು. ಅಲ್ಲಿ ಆಳ್ತನವನ್ನು ಕಾಣಬಹುದು. ಆಳಿನ ಹೆಸರನ್ನು ಕಾಣಬೇಕಾದರೆ ನಮ್ಮ ಜೆ. ಸಿ. ನಗರಕ್ಕೇ ಬರಬೇಕು. ಆ ಕಡೆ ಹೋಗುವ ವಾಚಕರು ಒಂದು ಗಳಿಗೆ ನಿಂತು, ಮಕ್ಕಳು ಜೊತೆಯಲ್ಲಿದ್ದರೆ ಅವರಿಂದಲೇ, ಒಂದೆರಡು ಹೆಸರುಗಳನ್ನಾದರೂ ಗಟ್ಟಿಯಾಗಿ ಓದಿಸಬೇಕೆಂದು ನನ್ನ ಬಿನ್ನಹ. ಯಾವ ಮನೆಯಲ್ಲಿ ಯಾರು ಅದಕ್ಕಾಗಿ ಕಾದಿರುವರೋ, ಬಲ್ಲವರಾರು?