ಬರ್ನರೇ ದ್ವೀಪಕ್ಕೆ ಹೊರಟ ಗಾಡಿ

ಸ್ಕಾಟ್ಲೆಂಡಿನ ವಾಯವ್ಯ ತೀರದಾಚೆ, ಅಟ್ಲಾಂಟಿಕ್ ಸಾಗರದ ಹೊಡೆತಕ್ಕೆ ಮೈಯೊಡ್ಡಿ ನಿಂತಿರುವ ಹೆಬ್ರಿಡೀಸ್ ದ್ವೀಪಸ್ತೋಮದಲ್ಲಿ ಬರ್ನರೇ ಎಂಬುದೊಂದು ಪುಟ್ಟ ದ್ವೀಪ. ಉದ್ದ ಸುಮಾರು ಮೂರು ಮೈಲಿ. 2011ರ ಜನಗಣತಿಯಲ್ಲಿ ಅಲ್ಲಿದ್ದವರು 138 ಮಂದಿ. ಮರವೆಂಬುದು ಕಣ್ಣಿಗೆ ಬೀಳುವುದೇ ಅಪರೂಪ. ಗಾಳಿಯು ಅದಕ್ಕೆ ಅವಕಾಶ ಕೊಡುವುದಿಲ್ಲ. ಪಶ್ಚಿಮದ ದಡದುದ್ದಕ್ಕೂ ಬೆಳ್ಳನೆಯ ಮರಳು, ಅದರ ಹಿಂದೆ ಬೇಸಿಗೆ ಬಂತೆಂದರೆ ಕಾಡುಹೂಗಳಿಂದ ತುಂಬಿಹೋಗುವ ಹುಲ್ಲುಬಯಲು. ಹಳೆಯ ಮನೆಗಳ ಗೋಡೆಗಳು ದಪ್ಪ ಕಲ್ಲಿನವು. ಹುಲ್ಲಿನ ಛಾವಣಿ ಹಾರಿಹೋಗದಂತೆ ಹಗ್ಗ ಬಿಗಿದು, ಹಗ್ಗದ ತುದಿಗೆ ಕಲ್ಲು ಕಟ್ಟಿರುತ್ತಾರೆ. ಮನೆಮಾತು ಗೇಲಿಕ್. ಬೇಸಿಗೆಯಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕು ಆರುವುದಿಲ್ಲ; ಡಿಸೆಂಬರಿನಲ್ಲಿಯಾದರೋ ಹಗಲೆಂಬುದು ಆರೂವರೆ ತಾಸಿಗೆ ಮುಗಿದುಹೋಗುತ್ತದೆ.

1999ರಲ್ಲಿ ನೆರೆಯ ನಾರ್ತ್ ಯೂಯಿಸ್ಟ್ ದ್ವೀಪದಿಂದ ಇಲ್ಲಿಗೆ ಕಡಲಿನ ಮೇಲೆ ಕಲ್ಲಿನ ಏರಿಯೊಂದನ್ನು ಕಟ್ಟಿದರು. ಈಗ ಮೋಟಾರಿನಲ್ಲಿ ಕುಳಿತವರು ಕೆಲವೇ ನಿಮಿಷಗಳಲ್ಲಿ ದಾಟಿಬಿಡಬಹುದು. ಆದರೆ ಅದಕ್ಕೆ ಮೂವತ್ತು ವರ್ಷ ಮೊದಲು ಈ ದ್ವೀಪವನ್ನು ತಲಪಿದ ಒಂದು ಜೋಡಿಗೆ ದಾರಿಯು ಒಂದೂವರೆ ವರ್ಷಕ್ಕೂ ಹತ್ತಿರ ಹಿಡಿದಿತ್ತು. ಅವರು ಬಂದದ್ದು ಲಂಡನ್ನಿನಿಂದ, ಬಂದದ್ದು ಕುದುರೆಗಾಡಿಯಲ್ಲಿ.

ಹೆಂಗಸಿನ ಹೆಸರು ವಷ್ಟಿ ಬನ್ಯನ್. 1945ರಲ್ಲಿ ನ್ಯೂಕ್ಯಾಸಲ್ ಪಟ್ಟಣದಲ್ಲಿ ಜನಿಸಿದವಳು. ಆಕ್ಸ್‌ಫರ್ಡಿನ ಚಿತ್ರಕಲಾಶಾಲೆಗೆ ಸೇರಿದಳಾದರೂ, ಕುಂಚ ಹಿಡಿಯಬೇಕಾದ ಹೊತ್ತಿನಲ್ಲಿ ಗಿಟಾರ್ ಹಿಡಿದು ಹಾಡು ಕಟ್ಟುತ್ತಿದ್ದಳೆಂದು ಅಲ್ಲಿಂದ ಹೊರಬೀಳಬೇಕಾಯಿತು. ರೋಲಿಂಗ್ ಸ್ಟೋನ್ಸ್ ತಂಡದ ವ್ಯವಸ್ಥಾಪಕರಾಗಿದ್ದ ಆಂಡ್ರ್ಯೂ ಓಲ್ಡ್‌ಹ್ಯಾಮ್ 1965ರಲ್ಲಿ ಆಕೆಯಿಂದ ಒಂದು ತಟ್ಟೆಯನ್ನು ಹಾಡಿಸಿದರು. ಅದು ಓಡಲಿಲ್ಲ. ಮುಂದಿನ ಪ್ರಯತ್ನಗಳೂ ಹಾಗೆಯೇ ಆದವು. ನಗರವು ತನ್ನನ್ನು ಬಯಸುವುದಿಲ್ಲವೆಂಬ ಭಾವವು ಇಪ್ಪತ್ತೆರಡು ಇಪ್ಪತ್ತಮೂರರ ಹರೆಯದಲ್ಲಿ ಎಷ್ಟು ಕಹಿಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಬರ್ಟ್ ಲೂಯಿಸ್ ಎಂಬ ಚಿತ್ರಕಲೆಯ ವಿದ್ಯಾರ್ಥಿಯೊಡನೆ ಆಕೆ ಕೆಂಟ್ ಸೀಮೆಯ ಒಂದು ಕಾಡಿನಲ್ಲಿ, ಪೊದೆಯ ಕೆಳಗೆ ಬೀಡುಬಿಟ್ಟಳು. ಅಲ್ಲಿಂದಲೂ ಅವರನ್ನು ಎಬ್ಬಿಸಿದರು. ಆಗ ಆಸರೆಯ ಮಾತಾಡಿದವನು ಗಾಯಕ ಡೊನೊವನ್. ಸ್ಕೈ ದ್ವೀಪದ ಬಳಿ ಅವನು ಕೆಲವು ನಡುಗಡ್ಡೆಗಳನ್ನು ಕೊಂಡಿದ್ದನು. ಕವಿಗಳೂ ಗಾಯಕರೂ ಚಿತ್ರಕಾರರೂ ಒಟ್ಟಿಗೆ ಬಾಳುವ ಒಂದು ಊರನ್ನು ಅಲ್ಲಿ ಕಟ್ಟಬೇಕೆಂಬುದು ಅವನ ಹಂಬಲ. ಅವನು ಕೊಟ್ಟ ಸಾಲದ ಹಣದಿಂದ ಒಂದು ಹಳೆಯ ಗಾಡಿಯೂ, ಬೆಸ್ ಎಂಬ ಕುದುರೆಯೂ ಬಂದವು. 1968ರಲ್ಲಿ ಗಾಡಿ ಉತ್ತರಕ್ಕೆ ತಿರುಗಿತು.

ಬನ್ಯನ್ ಎಂಬ ಹೆಸರನ್ನು ಕೇಳಿದೊಡನೆ ಹಳೆಯ ಕನ್ನಡ ಪುಸ್ತಕಗಳ ಪರಿಚಯವುಳ್ಳವರಿಗೆ ಇನ್ನೊಂದು ಯಾತ್ರೆಯ ನೆನಪಾದೀತು. ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ಯಾತ್ರಿಕನ ಕಥೆಯನ್ನು ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಮ್ಮ ಭಾಷೆಗೆ ತಂದಿದ್ದರು. ಆ ಯಾತ್ರಿಕನಿಗೆ ದಾರಿಯ ಕೊನೆಯಲ್ಲಿ ಸ್ವರ್ಗಪಟ್ಟಣವು ಕಾದಿತ್ತು. ಈ ಯಾತ್ರಿಕಳಿಗೆ ಕಾದಿದ್ದುದೇ ಬೇರೆ.

ಲಂಡನ್ನಿನಿಂದ ಸ್ಕೈಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ. ಬೆಸ್ ನಡೆದಷ್ಟೇ ಅಂದಿನ ಪಯಣ. ಹಿಂದಿನಿಂದ ಲಾರಿಗಳು ಕೂಗುತ್ತ ಬರುತ್ತಿದ್ದವು. ಕೆಲವರು ತಮ್ಮ ಹೊಲದ ಮೂಲೆಯಲ್ಲಿ ರಾತ್ರಿ ತಂಗಲು ಬಿಟ್ಟರು. ಕೆಲವರು ಅಲೆಮಾರಿಗಳೆಂದು ಅಟ್ಟಿದರು. ಇಂಗ್ಲೆಂಡಿನ ಉತ್ತರದ ಸರೋವರ ಪ್ರಾಂತ್ಯವನ್ನು ಮುಟ್ಟುವಷ್ಟರಲ್ಲಿ ಚಳಿಗಾಲ ಬಂದಿತು. ಅಲ್ಲಿ ನಿಂತ ಯಾತ್ರೆ ಮರುವರ್ಷ ಮುಂದುವರಿಯಿತು. ಮಳೆ, ಕೆಸರು, ಖಾಲಿ ಜೇಬು. ಇವುಗಳ ನಡುವೆಯೇ ಆಕೆ ಸಣ್ಣ ಸಣ್ಣ ಹಾಡುಗಳನ್ನು ಕಟ್ಟಿದಳು. ಒಂದು ಹಾಡು ಬೆಸ್‌ಳ ಹೆಸರಿನದೇ. ಕೇಳುವವರಿಗೆ ಅವು ನೆಮ್ಮದಿಯ ಜೋಗುಳಗಳಂತೆ ತೋರುತ್ತವೆ. ವಾಸ್ತವದಲ್ಲಿ ಅವು ಧೈರ್ಯಗೆಡದಿರಲು ತನಗೆ ತಾನೇ ಹೇಳಿಕೊಂಡ ಮಾತುಗಳು.

1969ರಲ್ಲಿ ಗಾಡಿ ಸ್ಕೈ ದ್ವೀಪವನ್ನು ಮುಟ್ಟಿತು. ಈ ದ್ವೀಪದ ವಾಟರ್‌ನಿಶ್ ಎಂಬ ಚಾಚುನೆಲದಲ್ಲಿ ಸ್ಟೈನ್ ಎಂಬ ಸಣ್ಣ ಊರಿದೆ. ಅಲ್ಲಿಂದ ನೋಡಿದರೆ ಡೊನೊವನ್ ಕೊಂಡಿದ್ದ ಐಸೇ ನಡುಗಡ್ಡೆಯು ಕಾಣುತ್ತದೆ. ಐಸೇಯಲ್ಲಿ ಒಮ್ಮೆ ಜನರಿದ್ದರು. ಕುರಿಸಾಕಣೆಗೆ ನೆಲ ಬೇಕೆಂದು 1860ರಲ್ಲಿ ಅವರನ್ನೆಲ್ಲ ಎಬ್ಬಿಸಿದರು. ಮಾಡಿಲ್ಲದ ಕಲ್ಲುಗೋಡೆಗಳು ಇಂದಿಗೂ ನಿಂತಿವೆ. ಒಕ್ಕಲು ಹೋದ ನೆಲದಲ್ಲಿ ಹೊಸ ಊರು ಕಟ್ಟುವ ಕನಸೂ ಬಹುಕಾಲ ಬಾಳಲಿಲ್ಲ. ಗಾಡಿ ಬರುವಷ್ಟರಲ್ಲಿ ಡೊನೊವನ್ ಅಲ್ಲಿರಲಿಲ್ಲ. ಇವರಿಗೆಂದು ಉಳಿದ ಜಾಗವೂ ಇರಲಿಲ್ಲ.

ಹಿಂತಿರುಗಲು ಮನಸ್ಸಾಗದೆ ಅವರು ಇನ್ನೂ ಮುಂದೆ, ಕಡಲು ದಾಟಿ ಬರ್ನರೇಗೆ ಹೋದರು. ಭಾನುವಾರದಂದು ಬಟ್ಟೆಯನ್ನೂ ಒಣಹಾಕದ ಕಟ್ಟುನಿಟ್ಟಿನ ಕ್ರೈಸ್ತರ ಸೀಮೆಯದು. ಉದ್ದಗೂದಲಿನ ಈ ಪರಸ್ಥಳದವರು ಅಲ್ಲಿ ಬೇರೂರುವುದು ಸುಲಭವಿರಲಿಲ್ಲ; ಬೇರೂರಲೂ ಇಲ್ಲ.

ಈ ನಡುವೆ ಜೋ ಬಾಯ್ಡ್ ಎಂಬ ಧ್ವನಿಮುದ್ರಣ ನಿರ್ಮಾಪಕರು ಆಕೆಯ ಹಾಡುಗಳನ್ನು ಕೇಳಿ ಮೆಚ್ಚಿದ್ದರು. ಫೇರ್‌ಪೋರ್ಟ್ ಕನ್ವೆನ್ಷನ್ ಎಂಬ ತಂಡವು ಹಳೆಯ ಜನಪದ ಲಾವಣಿಗಳನ್ನು ವಿದ್ಯುತ್ ಗಿಟಾರಿಗೆ ಅಳವಡಿಸಿ ಹೊಸ ಸಂಗೀತವೊಂದನ್ನು ಹುಟ್ಟುಹಾಕುತ್ತಿದ್ದ ಕಾಲವದು. ಅದರ ಹಿಂದೆಯೂ ಇದ್ದವರು ಬಾಯ್ಡ್. 1969ರ ಕೊನೆಗೆ ಲಂಡನ್ನಿನಲ್ಲಿ ಕೆಲವೇ ದಿನಗಳಲ್ಲಿ ಮುದ್ರಣ ಮುಗಿಯಿತು. ಫೇರ್‌ಪೋರ್ಟ್ ತಂಡದ ಸೈಮನ್ ನಿಕೋಲ್, ಪಿಟೀಲಿನ ಡೇವ್ ಸ್ವಾರ್‌ಬ್ರಿಕ್ ಇಬ್ಬರೂ ಜೊತೆ ನುಡಿಸಿದರು. 'ಜಸ್ಟ್ ಅನದರ್ ಡೈಮಂಡ್ ಡೇ' ಎಂಬ ಹೆಸರಿನಿಂದ ತಟ್ಟೆಯು 1970ರ ಡಿಸೆಂಬರಿನಲ್ಲಿ ಹೊರಬಂದಿತು. ಕೊಂಡವರು ಬೆರಳೆಣಿಕೆಯ ಜನ. ಆ ವೇಳೆಗೆ ಆಕೆಯ ಮಡಿಲಲ್ಲಿ ಎಳೆಗೂಸಿತ್ತು.

ವಷ್ಟಿ ಹಾಡುವುದನ್ನು ಬಿಟ್ಟಳು. ಬಿಟ್ಟಳೆಂದರೆ ಪೂರ್ತಿಯಾಗಿ. ಮೂವರು ಮಕ್ಕಳನ್ನು ಬೆಳೆಸಿದಳು. ಅವರನ್ನು ಮಲಗಿಸುವಾಗಲೂ ಹಾಡಲಿಲ್ಲ. ಸ್ಕಾಟ್ಲೆಂಡ್, ಐರ್ಲೆಂಡ್, ಮತ್ತೆ ಸ್ಕಾಟ್ಲೆಂಡ್ ಎಂದು ಊರುಗಳು ಬದಲಾದವು. ಸೋತ ಹಾಡೆಂದು ಆಕೆ ತಿಳಿದಿದ್ದ ಆ ತಟ್ಟೆಯಾದರೋ ಆಕೆಗೆ ತಿಳಿಯದಂತೆಯೇ ಬೇರೊಂದು ಯಾತ್ರೆ ಹೊರಟಿತ್ತು. ಹಳೆಯ ತಟ್ಟೆಗಳ ಸಂಗ್ರಹಕಾರರು ಅದಕ್ಕೆ ನೂರಾರು ಪೌಂಡುಗಳನ್ನು ತೆರತೊಡಗಿದ್ದರು. 1997ರಲ್ಲಿ ಆಕೆ ಗಣಕಯಂತ್ರವೊಂದನ್ನು ಕೊಂಡು, ಅಂತರಜಾಲದಲ್ಲಿ ತನ್ನದೇ ಹೆಸರನ್ನು ಹುಡುಕಿದಾಗ ಈ ಸಂಗತಿ ಕಣ್ಣಿಗೆ ಬಿದ್ದಿತು.

ಕಾಂಪ್ಯಾಕ್ಟ್ ಡಿಸ್ಕ್ ಬಂದ ಬಳಿಕ ಅಟ್ಟದ ಮೇಲಿದ್ದ ಎಷ್ಟೋ ಹಳೆಯ ಧ್ವನಿಮುದ್ರಿಕೆಗಳು ಮರುಹುಟ್ಟು ಪಡೆಯುತ್ತಿದ್ದ ದಿನಗಳವು. ಮರುಮುದ್ರಣವೆಂದರೆ ಹಳೆಯ ಸರಕನ್ನು ಹೊಸ ಪೆಟ್ಟಿಗೆಯಲ್ಲಿಟ್ಟು ಮಾರುವುದು ಎಂದು ಹಗುರವಾಗಿ ಆಡುವವರುಂಟು. ಬಹಳಷ್ಟು ಕಡೆ ಆ ಮಾತು ನಿಜವೂ ಹೌದು. ಇಲ್ಲಿ ಹಾಗಾಗಲಿಲ್ಲ. 2000ದಲ್ಲಿ 'ಡೈಮಂಡ್ ಡೇ' ಮತ್ತೆ ಬಂದಾಗ ಅದನ್ನು ಕೊಂಡವರಲ್ಲಿ ಹೆಚ್ಚಿನವರು, ಗಾಡಿ ಹೊರಟ ಕಾಲಕ್ಕೆ ಹುಟ್ಟಿಯೇ ಇರದ ಮಕ್ಕಳು. ಹನ್ನೆರಡು ಅಂಗುಲದ ಹೊದಿಕೆಯ ಮೇಲೆ, ಬರೆದ ದನಕರುಗಳ ನಡುವೆ, ಹಳ್ಳಿಮನೆಯ ಬಾಗಿಲಲ್ಲಿ ತಲೆವಸ್ತ್ರ ಕಟ್ಟಿ ನಿಂತಿದ್ದ ಹೆಂಗಸು ಈಗ ಅಂಗೈಯಗಲದ ಚಿತ್ರದೊಳಕ್ಕೆ ಇಳಿದಿದ್ದಳು. ಮುಖವನ್ನು ಕಣ್ಣು ಕಿರಿದುಮಾಡಿ ನೋಡಬೇಕು. ದನಿ ಮಾತ್ರ ಕುಗ್ಗಿರಲಿಲ್ಲ. ಅದನ್ನು ಕೇಳಿದ ಮೇಲೆ ಅರುವತ್ತರ ಅಂಚಿನಲ್ಲಿದ್ದ ಆಕೆ ಮತ್ತೆ ಗಿಟಾರ್ ಎತ್ತಿಕೊಂಡಳು. ಎರಡನೆಯ ಧ್ವನಿಮುದ್ರಿಕೆ 2005ರಲ್ಲಿ, ಮೂರನೆಯದು 2014ರಲ್ಲಿ ಬಂದವು.

ಕೀರನ್ ಇವಾನ್ಸ್ ಎಂಬವರು 2008ರ ತಮ್ಮ ಚಿತ್ರದಲ್ಲಿ ಆ ಹಾದಿಯನ್ನೇ ಆಕೆಯೊಡನೆ ಮತ್ತೆ ಹಿಡಿದರು. ದಾರಿಯ ಕಷ್ಟಗಳನ್ನು ಮರೆಮಾಚದೆ ಆಕೆ 2022ರಲ್ಲಿ ತನ್ನ ಕಥೆಯನ್ನು ಪುಸ್ತಕವಾಗಿಯೂ ಬರೆದಳು. ಸ್ಕೈಗೆ 1995ರಲ್ಲಿಯೇ ಸೇತುವೆಯಾಗಿದೆ. ಅದನ್ನು ದಾಟಿ, ಊಯಿಗ್ ಬಂದರಿನಲ್ಲಿ ಹಡಗು ಹಿಡಿದು ಲಾಕ್‌ಮ್ಯಾಡಿಯಲ್ಲಿ ಇಳಿದು, ನಾರ್ತ್ ಯೂಯಿಸ್ಟಿನ ಬಯಲನ್ನು ಹಾದು ಏರಿಯ ಮೇಲೆ ಸಾಗಿದರೆ ಬರ್ನರೇ. ಗಾಳಿ ಮೊದಲಿನಂತೆಯೇ ಬೀಸುತ್ತಿರುತ್ತದೆ.