ಎಸಿಪಿ ತೀರಿಕೊಂಡ ವಾರ

ಸೋನಿ ಟಿವಿಯ ‘ಸಿಐಡಿ’ ಮತ್ತೆ ಶುರುವಾಗುತ್ತದಂತೆ ಎಂಬ ಸುದ್ದಿಯನ್ನು ನನಗೆ ಮೊದಲು ಮುಟ್ಟಿಸಿದ್ದು ಡೊಂಬಿವಲಿಯಲ್ಲಿರುವ 72 ವರ್ಷದ ನನ್ನ ಅಮ್ಮ. ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿ, “ದಯಾ ಬರ್ತಾನಂತೆ, ಅಭಿಜಿತ್ ಬರ್ತಾನಂತೆ, ಎಸಿಪಿಯೂ ಬರ್ತಾನಂತೆ” ಎಂದಳು. ಊರಿನಿಂದ ಮದುವೆಗೆ ಯಾರ್ಯಾರು ಹೊರಟಿದ್ದಾರೆ ಎಂದು ಪಟ್ಟಿ ಒಪ್ಪಿಸುವ ಧಾಟಿ ಅದು. ಒಂದು ಕ್ಷಣ ಸುಮ್ಮನಿದ್ದು, “ಫ್ರೆಡ್ರಿಕ್ಸ್ ಮಾತ್ರ ಇಲ್ಲ, ಪಾಪ” ಎಂದಳು. ಇನ್‌ಸ್ಪೆಕ್ಟರ್ ಫ್ರೆಡ್ರಿಕ್ಸ್ ಪಾತ್ರ ಮಾಡುತ್ತಿದ್ದ ದಿನೇಶ್ ಫಡ್ನಿಸ್ 2023ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದರು. ಒಂದು ವರ್ಷದ ಮೇಲೆ, 2024ರ ಡಿಸೆಂಬರ್ 21ರಂದು, ಹೊಸ ಸೀಸನ್ ಶುರುವಾಯಿತು.

ಮುಂಬಯಿ ಕನ್ನಡಿಗರಿಗೆ ಈ ಧಾರಾವಾಹಿಯನ್ನು ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. 1998ರ ಜನವರಿಯಲ್ಲಿ ಆರಂಭವಾಗಿ 2018ರ ಅಕ್ಟೋಬರ್ ತನಕ, 1,500ಕ್ಕೂ ಹೆಚ್ಚು ಕಂತು ಓಡಿದ್ದು. ನಮ್ಮಲ್ಲಿ ಎಷ್ಟೋ ಜನ ಅಷ್ಟು ವರ್ಷ ಒಂದೇ ಕಂಪನಿಯಲ್ಲಿ ಕೆಲಸ ಮಾಡಿಲ್ಲ. ಕತೆ ನಡೆಯುವುದು ಇದೇ ಊರಿನಲ್ಲಿ. ಹೆಣ ಸಿಗುವುದು ನಾವು ದಿನಾ ಲೋಕಲ್‌ನಲ್ಲಿ ದಾಟಿಹೋಗುವಂಥ ಖಾಡಿಯ ಬದಿಯಲ್ಲಿ. ಅದರ ಮೇಲೆ ಬಾಗಿಲು ಒಡೆಯುವ ದಯಾ, ಅಂದರೆ ದಯಾನಂದ ಶೆಟ್ಟಿ, ನಮ್ಮ ಕರಾವಳಿ ಮೂಲದವರು, ತುಳು ಮನೆಮಾತಿನವರು, ನಟನೆಗೆ ಬರುವ ಮೊದಲು ಡಿಸ್ಕಸ್, ಗುಂಡು ಎಸೆಯುತ್ತಿದ್ದ ಆಟಗಾರ. “ಅವ ನಮ್ಮ ಊರಿನ ಬದಿಯವ” ಎಂದು ಅಮ್ಮ ಪಕ್ಕದ ಮನೆಯ ಮರಾಠಿ ಕಾಕುವಿಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಕಾಕು ಬಿಡುತ್ತಾರೆಯೇ? ಎಸಿಪಿ ಪ್ರದ್ಯುಮ್ನ ಆಗಿರುವ ಶಿವಾಜಿ ಸಾಟಮ್ ತಮ್ಮವರು ಎಂದು ಅವರ ಜಂಬ. ಎರಡು ಮನೆಗಳ ನಡುವೆ ಶುಕ್ರವಾರ ರಾತ್ರಿಯ ಈ ಪೈಪೋಟಿ ವರ್ಷಗಟ್ಟಲೆ ನಡೆದಿದೆ.

ನಮ್ಮ ಮನೆಯಲ್ಲಿ ಸಿಐಡಿಯ ಮೊದಲ ಅಭಿಮಾನಿ ಅಪ್ಪ. ಹದಿನಾಲ್ಕನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಬಂದು, ಹಗಲು ಹೋಟೆಲಿನಲ್ಲಿ ಕ್ಲೀನರ್, ರಾತ್ರಿ ಕನ್ನಡ ನೈಟ್‌ಸ್ಕೂಲಿನಲ್ಲಿ ವಿದ್ಯಾರ್ಥಿಯಾಗಿ, ಕೊನೆಗೆ ಒಂದು ಕಂಪನಿಯಲ್ಲಿ ಗುಮಾಸ್ತರಾದವರು. ಹೋಟೆಲಿನ ಅಟ್ಟದಲ್ಲಿ ಮಲಗುತ್ತಿದ್ದ ಕಾಲದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಹುಡುಗರ ಕೈಯಿಂದ ಕೈಗೆ ದಾಟಿ ಹಾಳೆ ಕಿತ್ತುಹೋಗುತ್ತಿದ್ದವಂತೆ. ಕೊನೆಯ ಪುಟಗಳೇ ಇಲ್ಲದ ಪುಸ್ತಕ ಓದಿ, ಕೊಲೆಗಾರ ಯಾರೆಂದು ತಾವೇ ತೀರ್ಮಾನ ಮಾಡಿಕೊಂಡು ಮಲಗುತ್ತಿದ್ದರಂತೆ. ಹಾಗಾಗಿ ಸಿಐಡಿಯಲ್ಲಿ ಮೊದಲ ಜಾಹೀರಾತು ಬರುವುದರೊಳಗೆ ಅಪ್ಪ ತೀರ್ಪು ಕೊಟ್ಟುಬಿಡುತ್ತಿದ್ದರು: “ಆ ಮ್ಯಾನೇಜರ್. ನೋಡ್ತಾ ಇರಿ.” ಹತ್ತರಲ್ಲಿ ಎಂಟು ಸಲ ತಪ್ಪು. ಮುಂದಿನ ಶುಕ್ರವಾರ ಮತ್ತೆ ಅದೇ ಧೈರ್ಯ.

ಅಮ್ಮ ಹಿಂದಿ ಕಲಿತದ್ದು ಸಿಐಡಿಯಿಂದ. ಅದರ ಪರಿಣಾಮವಾಗಿ ಅವಳ ಶಬ್ದಭಂಡಾರ ವಿಚಿತ್ರವಾಗಿ ಬೆಳೆಯಿತು. ಕೊತ್ತಂಬರಿಗೆ, ಜೀರಿಗೆಗೆ ಹಿಂದಿ ಬರುವ ಮೊದಲೇ ಲಾಶ್, ಸುರಾಗ್, ಕಾತಿಲ್, ಮುಜ್ರಿಮ್ ಬಂದುಬಿಟ್ಟವು. ಒಮ್ಮೆ ಭಾಜಿವಾಲಾ ತೂಕದಲ್ಲಿ ಕೈಚಳಕ ತೋರಿಸಿದಾಗ, ಎಸಿಪಿಯ ಹಾಗೆಯೇ ಬೆರಳು ತಿರುಗಿಸುತ್ತ “ಕುಛ್ ತೋ ಗಡ್‌ಬಡ್ ಹೈ” ಎಂದಳಂತೆ. ಅವನು ನಕ್ಕು ಎರಡು ಟೊಮೆಟೊ ಜಾಸ್ತಿ ಹಾಕಿದ.

ಇಂಥ ಮನೆಯಲ್ಲಿ ಹೊಸ ಸೀಸನ್ ಹೇಗೆ ಬಂದು ಇಳಿಯಿತು ಎಂಬುದೇ ನಾನು ಹೇಳಹೊರಟ ವಿಷಯ.

ಮೊದಲ ವಾರ ಪುಣೆಯ ಹಾಸ್ಟೆಲಿನಲ್ಲಿರುವ ನನ್ನ ಮಗಳೂ ರಜೆಗೆ ಬಂದಿದ್ದಳು. ಅವಳಿಗೆ ಸಿಐಡಿ ಗೊತ್ತಿರುವುದು ಮೀಮ್‌ಗಳ ಮೂಲಕ. ಬಾಗಿಲು ಒಡೆಯುವುದು, ಡಾ. ಸಾಳುಂಖೆ ಪ್ರಯೋಗಶಾಲೆಯಲ್ಲಿ ಬಣ್ಣದ ನೀರು ಬೆರೆಸಿ ಸತ್ಯ ಹೊರತೆಗೆಯುವುದು, ಒಂದೇ ಕಪಾಳಮೋಕ್ಷಕ್ಕೆ ಅಪರಾಧಿ ಎಲ್ಲ ಒಪ್ಪಿಕೊಳ್ಳುವುದು: ಅವಳ ಪ್ರಕಾರ ಇದು ಭಾರತದ ಅತಿ ದೊಡ್ಡ ಹಾಸ್ಯ ಧಾರಾವಾಹಿ. ದಿಂಬು ತಬ್ಬಿಕೊಂಡು ನಗಲಿಕ್ಕೆಂದೇ ಕೂತಿದ್ದಳು. ನನ್ನ ಹೆಂಡತಿಯದು ಬೇರೆ ತಕರಾರು. “ಬೆಳಕೇ ಇಲ್ಲ, ಎಲ್ಲ ಕಪ್ಪು ಕಪ್ಪು. ಕ್ಯಾಮೆರಾ ಯಾಕೆ ಇಷ್ಟು ಅಲ್ಲಾಡ್ತದೆ?” ಎಂದಳು. ನನಗೆ ಕಂಡದ್ದು ಆ ಮುಖಗಳ ಮೇಲಿನ ವಯಸ್ಸು. ದಯಾ ಓಡುವಾಗ ನನ್ನ ಮೊಣಕಾಲಿಗೇ ನೋವಾಯಿತು.

ಅಮ್ಮ ಇದ್ಯಾವುದನ್ನೂ ಗಮನಿಸಲಿಲ್ಲ. ಅವಳನ್ನು ಕಾಡಿದ್ದು ಒಂದೇ ಸಂಗತಿ. ಪ್ರೋಮೋದಲ್ಲೇ ಅಭಿಜಿತ್ ದಯಾನ ಮೇಲೆ ಗುಂಡು ಹಾರಿಸಿದ್ದ. ಇಪ್ಪತ್ತು ವರ್ಷ ಒಟ್ಟಿಗೆ ಜೀಪಿನಿಂದ ಇಳಿದವರನ್ನು ಹೀಗೆ ಎದುರುಬದುರು ನಿಲ್ಲಿಸಿದ್ದು ಅವಳಿಗೆ ಸಹಿಸಲಾಗಲಿಲ್ಲ. “ಕೊಲೆ ಬೇಕಾದಷ್ಟು ಮಾಡ್ಲಿ. ಇವರಿಬ್ಬರ ನಡುವೆ ಯಾಕೆ ತಂದಿಡ್ತಾರೆ?” ಎಂದಳು. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ಹತ್ತು ವರ್ಷದಿಂದ ಮಾತು ಬಿಟ್ಟಿದ್ದಾರೆ. ಅಂಥದ್ದನ್ನು ನೋಡಲು ಟಿವಿ ಹಾಕಬೇಕೇ ಎಂಬುದು ಅವಳ ವಾದ.

ಆ ರಾತ್ರಿ ನನಗೆ ಅನಿಸಿದ್ದು, ಅಮ್ಮ ಸಿಐಡಿ ನೋಡುವ ರೀತಿ ನಮ್ಮ ಊರಿನ ಕಡೆ ಯಕ್ಷಗಾನ ನೋಡುವ ರೀತಿಯೇ ಎಂದು. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ಆಟ ಆಡುತ್ತಾರಲ್ಲ, ಆಗ ಕರ್ಣಪರ್ವಕ್ಕೆ ಹೋದ ಯಾರೂ ಕರ್ಣ ಸಾಯುತ್ತಾನೋ ಇಲ್ಲವೋ ಎಂಬ ಕುತೂಹಲ ಇಟ್ಟುಕೊಂಡು ಹೋಗುವುದಿಲ್ಲ. ಇವತ್ತು ಭಾಗವತರು ಯಾರು, ಕರ್ಣ ಯಾರದು, ಎಂದಷ್ಟೇ ಕೇಳುತ್ತಾರೆ. ಪಾತ್ರ ರಂಗಕ್ಕೆ ಬರುವಾಗ ಒಂದು ಕ್ರಮ ಇರಬೇಕು, ಚೆಂಡೆಗೆ ಸರಿಯಾಗಿ ಹೆಜ್ಜೆ ಬೀಳಬೇಕು. ಅಮ್ಮನಿಗೆ ಎಸಿಪಿ ಬೆರಳು ತಿರುಗಿಸುವುದು, ದಯಾ ಬಾಗಿಲಿಗೆ ಒದೆಯುವುದು ಹಾಗೆಯೇ. ಮಗಳು ನಗುವುದೂ ಅಲ್ಲಿಯೇ, ಅಮ್ಮ ಸಮಾಧಾನದಿಂದ ಕಾಲು ಚಾಚಿ ಕೂರುವುದೂ ಅಲ್ಲಿಯೇ. ಆ ಹೆಜ್ಜೆ ಬಿದ್ದರೆ ಉಳಿದದ್ದೆಲ್ಲ ಸರಿಹೋಗುತ್ತದೆ ಎಂಬ ನೆಚ್ಚಿಕೆ.

ಆ ನೆಚ್ಚಿಕೆಗೇ ಪೆಟ್ಟು ಬಿದ್ದದ್ದು 2025ರ ಏಪ್ರಿಲ್‌ನಲ್ಲಿ. ತಿಗ್ಮಾಂಶು ಧೂಲಿಯಾ ಮಾಡಿದ ಬಾರ್ಬೋಸಾ ಎಂಬ ಖಳ ಇಟ್ಟ ಬಾಂಬಿಗೆ ಎಸಿಪಿ ಪ್ರದ್ಯುಮ್ನ ಬಲಿಯಾದರು ಎಂದು ಕತೆ ಸಾಗಿತು. ವಾಹಿನಿ ಸಾಮಾಜಿಕ ಜಾಲತಾಣದಲ್ಲಿ ನಿಜವಾದ ಮನುಷ್ಯನಿಗೆ ಹಾಕುವ ಹಾಗೆ ಶ್ರದ್ಧಾಂಜಲಿಯ ಚಿತ್ರವನ್ನೇ ಹಾಕಿತು. ಅಷ್ಟಕ್ಕೆ ಶುರುವಾಯಿತು ನೋಡಿ ಗಲಾಟೆ. ಎಸಿಪಿ ಇಲ್ಲದಿದ್ದರೆ ನೋಡುವುದಿಲ್ಲ ಎಂದವರು, ವಾಪಸು ತನ್ನಿ ಎಂದವರು, ಬಾಲ್ಯವೇ ಹೋಯಿತು ಎಂದು ಅತ್ತವರು. ಎಸಿಪಿಯ ಜಾಗಕ್ಕೆ ಪಾರ್ಥ್ ಸಮಥಾನ್ ಎಂಬ ಯುವ ನಟ ಎಸಿಪಿ ಆಯುಷ್ಮಾನ್ ಆಗಿ ಬಂದಾಗ ಬೈಗುಳ ಅವರ ಪಾಲಿಗೂ ಬಂತು. ನನ್ನ ಬೆಳಗಿನ 8:12ರ ಲೋಕಲ್‌ನ ಗುಂಪಿನಲ್ಲಿ ಒಂದು ವಾರ ಇದೇ ಚರ್ಚೆ. ಜಿಎಸ್‌ಟಿ ವಕೀಲರೊಬ್ಬರು, “ನಮ್ಮ ಅಪ್ಪನನ್ನು ರಿಟೈರ್ ಮಾಡಿಸಿದಾಗಲೂ ಹೀಗೇ ಹೇಳದೆ ಕೇಳದೆ ಮಾಡಿದ್ದು” ಎಂದು ಕಿಟಕಿಯಾಚೆ ನೋಡುತ್ತ ಕೂತರು.

ಈ ರೀತಿಯ ಕೋಪ ಹೊಸದೇನೂ ಆಗಿರಲಿಲ್ಲ. 1893ರ ಡಿಸೆಂಬರ್‌ನಲ್ಲಿ ಆರ್ಥರ್ ಕಾನನ್ ಡಾಯ್ಲ್ ತನ್ನ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿ ಮುಗಿಸಿದಾಗ, ಕತೆ ಪ್ರಕಟಿಸುತ್ತಿದ್ದ ಸ್ಟ್ರ್ಯಾಂಡ್ ಪತ್ರಿಕೆಗೆ ಸಾವಿರಾರು ಜನ ಚಂದಾ ನಿಲ್ಲಿಸಿದರೆಂದು ಹೇಳುತ್ತಾರೆ. ಹತ್ತು ವರ್ಷ ಬಿಟ್ಟು, 1903ರಲ್ಲಿ, ಡಾಯ್ಲ್ ಅವನನ್ನು ಬದುಕಿಸಲೇಬೇಕಾಯಿತು. ಹೋಮ್ಸ್ ಓದುಗರನ್ನು ನಾವು ಸಾಹಿತ್ಯಾಭಿಮಾನಿಗಳು ಎನ್ನುತ್ತೇವೆ. ಸಿಐಡಿ ನೋಡುವ ಡೊಂಬಿವಲಿಯ ಮುದುಕಿಯರನ್ನು, ಟಿವಿಗೂ ನಿಜಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಎಂದು ಗೇಲಿ ಮಾಡುತ್ತೇವೆ.

ಆ ಭಾನುವಾರ ಡೊಂಬಿವಲಿಗೆ ಹೋದಾಗ ಅಮ್ಮ ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ಟಿವಿ ಆಫ್ ಆಗಿತ್ತು. ಪುಣೆಯಿಂದ ಮಗಳು ವಿಡಿಯೋ ಕಾಲ್‌ನಲ್ಲಿ ಸಮಾಧಾನ ಮಾಡಲು ನೋಡಿದಳು: “ಅಜ್ಜಿ, ಅದು ಸೀರಿಯಲ್ ಮಾತ್ರ. ಆ ನಟ ಚೆನ್ನಾಗೇ ಇದ್ದಾರೆ.”

“ಅದು ನನಗೆ ಗೊತ್ತಿಲ್ವಾ ಮಗಾ?” ಎಂದಳು ಅಮ್ಮ. “ಅದಕ್ಕೇ ಹೇಳೂದು. ಮನುಷ್ಯ ಗಟ್ಟಿಮುಟ್ಟಾಗಿದ್ದಾನೆ. ಮತ್ತೆ ಯಾಕೆ ಸಾಯಿಸ್ಬೇಕು? ಫ್ರೆಡ್ರಿಕ್ಸ್ ಹೋದ, ಅವನನ್ನು ತರ್ಲಿಕ್ಕೆ ಆಗೂದಿಲ್ಲ. ನಾನೇನಾದ್ರೂ ಕೇಳಿದ್ನಾ? ಇವನನ್ನು ತರ್ಬಹುದಲ್ಲ.”

ಮಗಳು ಏನೋ ಹೇಳಲು ಹೊರಟವಳು ಸುಮ್ಮನಾದಳು. ಅಮ್ಮ ಬಸಳೆಯ ದಂಟು ಮುರಿಯುತ್ತ, ನಮ್ಮಿಬ್ಬರನ್ನೂ ನೋಡದೆ ಮಾತು ಮುಂದುವರಿಸಿದಳು.

“ನಿನ್ನ ಅಜ್ಜನ ಮುಖ ಸಹ ತೋರಿಸ್ಲಿಲ್ಲ. ಆಗ ಯಾರ ಹತ್ರ ಹೇಳೂದು, ವಾಪಸು ಕೊಡಿ ಅಂತ?”

ಅಪ್ಪ ಹೋದದ್ದು 2021ರ ಏಪ್ರಿಲ್‌ನಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ. ತಾವೇ ನಡೆದುಕೊಂಡು ಹೋಗಿ ಆಂಬುಲೆನ್ಸ್ ಹತ್ತಿದ್ದರು. ಆರನೇ ದಿನ ಫೋನ್ ಬಂತು. ಆ ದಿನಗಳ ನಿಯಮದಂತೆ ಮನೆಯವರಲ್ಲಿ ನಾನೊಬ್ಬನೇ ದೂರದಲ್ಲಿ ನಿಂತಿದ್ದೆ, ಸುತ್ತಿದ ಪ್ಲಾಸ್ಟಿಕ್ ಬಿಟ್ಟರೆ ಏನೂ ಕಾಣಲಿಲ್ಲ. ಅಮ್ಮ ಮನೆಯಲ್ಲೇ ಕ್ವಾರಂಟೈನ್. ನಾಲ್ಕು ವರ್ಷಗಳಲ್ಲಿ ಒಂದು ಸಲವೂ ಅವಳು ಈ ಬಗ್ಗೆ ದೂರಿದ್ದನ್ನು ನಾನು ಕೇಳಿರಲಿಲ್ಲ. ಆಗ ಎಲ್ಲರ ಮನೆಯಲ್ಲೂ ಹೀಗೇ ಆಯಿತಲ್ಲ ಎಂದು ಸಂಬಂಧಿಕರಿಗೆ ಅವಳೇ ಸಮಾಧಾನ ಹೇಳುತ್ತಿದ್ದಳು. ಈಗ ಒಂದು ಧಾರಾವಾಹಿಯ ಎಸಿಪಿಯನ್ನು ಮುಂದಿಟ್ಟುಕೊಂಡು ಆ ಮಾತು ಹೊರಗೆ ಬಂತು.

ಟಿವಿಗೂ ನಿಜಕ್ಕೂ ಇರುವ ವ್ಯತ್ಯಾಸ ನಮ್ಮೆಲ್ಲರಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಯಾವ ಸಾವಿನ ಮುಂದೆ ತಕರಾರು ನಡೆಯುವುದಿಲ್ಲ, ಯಾವುದರ ಮುಂದೆ ನಡೆಯುತ್ತದೆ ಎಂದು ಅಳೆದು ನೋಡಿಯೇ ಅವಳು ಸಿಟ್ಟಾಗಿದ್ದಳು. ಬರೆದವನೊಬ್ಬ ಎಲ್ಲೋ ಅಂಧೇರಿಯಲ್ಲಿ ಕೂತಿದ್ದಾನೆ, ಕೇಳಿದರೆ ಕೊಟ್ಟರೂ ಕೊಟ್ಟಾನು. ಕೇಳಲು ಒಂದು ಬಾಗಿಲಾದರೂ ಇದೆ. ಆ ವಾರ ದೇಶದ ತುಂಬ ಕೂಗಾಡಿದವರಲ್ಲಿ ಎಷ್ಟು ಜನರ ಕೂಗಿನ ಹಿಂದೆ ಇಂಥ ಇನ್ನೊಂದು ಹೆಸರಿತ್ತೋ ನಾನು ಹೇಳಲಾರೆ. ಲೋಕಲ್‌ನಲ್ಲಿ ಕಿಟಕಿಯಾಚೆ ನೋಡುತ್ತಿದ್ದ ವಕೀಲರ ಮುಖ ಮಾತ್ರ ಆಗ ನೆನಪಾಯಿತು.

ಸ್ವಲ್ಪ ಹೊತ್ತಿನ ನಂತರ ಅಮ್ಮ ಮೊಮ್ಮಗಳಿಗೆ, “ನೀನು ಫೋನಿನಲ್ಲಿ ಬರೀತೀಯಲ್ಲ, ಅವರಿಗೆ ಒಂದು ಬರಿ” ಎಂದಳು. ಏನು ಬರೆಯಬೇಕೆಂದು ಹೇಳಿಯೂ ಕೊಟ್ಟಳು: “ನಾವು 1998ರಿಂದ ನೋಡುತ್ತಿದ್ದೇವೆ. ಎಸಿಪಿಯನ್ನು ವಾಪಸು ತನ್ನಿ. ಅವಸರ ಇಲ್ಲ, ಸಾವಕಾಶ ತನ್ನಿ.” ಮಗಳು ಅದನ್ನು ಹಿಂದಿಗೆ ತಿರುಗಿಸಿ ಹಾಕಿದಳು. ಕೆಳಗೆ ‘ಡೊಂಬಿವಲಿ ಪೂರ್ವ’ ಎಂದು ಸೇರಿಸಲೇಬೇಕೆಂದು ಅಮ್ಮ ಹಟ ಹಿಡಿದಳು. ವಿಳಾಸ ಇಲ್ಲದ ಪತ್ರಕ್ಕೆ ಯಾರು ಬೆಲೆ ಕೊಡುತ್ತಾರೆ? ಮೂರು ಲೈಕ್ ಬಂದವು, ಒಂದು ಪಕ್ಕದ ಮನೆಯ ಕಾಕುವಿನದು.

ಹೆಚ್ಚು ದಿನ ಕಳೆಯುವ ಮೊದಲೇ ಎಸಿಪಿ ಪ್ರದ್ಯುಮ್ನ ತಿರುಗಿ ಬಂದರು. ಪತ್ರಿಕೆಗಳಲ್ಲಿ ಅದೂ ಸುದ್ದಿಯಾಯಿತು. ಅಷ್ಟರಲ್ಲಿ ಶಿವಾಜಿ ಸಾಟಮ್ ಅವರಿಗೆ 75 ತುಂಬಿತ್ತು. ಇದೆಲ್ಲ ಟಿಆರ್‌ಪಿಗಾಗಿ ಮೊದಲೇ ಹೂಡಿದ ಆಟ ಎಂದು ನನ್ನ ಹೆಂಡತಿ ಖಚಿತವಾಗಿ ಹೇಳಿದಳು. ಇರಬಹುದು. ವ್ಯಾಪಾರಿಗಳಿಗೆ ನಮ್ಮ ಯಾವ ನರ ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿರುತ್ತದೆ. ಅಮ್ಮನಿಗೆ ಹೇಳಿದಾಗ ಅವಳು ಬೇಸರಪಟ್ಟುಕೊಳ್ಳಲಿಲ್ಲ. “ಮಾಡ್ಲಿ ಬಿಡು. ತಂದ್ರಲ್ಲ” ಎಂದಳು. ಎಸಿಪಿ ಪರದೆಯ ಮೇಲೆ ಕಂಡಾಗಲೂ ಚಪ್ಪಾಳೆ ಏನೂ ತಟ್ಟಲಿಲ್ಲ. ಊರಿನಿಂದ ಬಂದ ನೆಂಟನನ್ನು ನೋಡುವಂತೆ ಒಮ್ಮೆ ಮೇಲಿಂದ ಕೆಳಗೆ ನೋಡಿ, “ತುಂಬ ಇಳಿದುಹೋಗಿದ್ದಾನೆ” ಎಂದಳು.

ಮಗಳು ಈಗಲೂ ಸಿಐಡಿ ನೋಡಿ ನಗುತ್ತಾಳೆ. ಆದರೆ ಭಾನುವಾರ ಹಾಸ್ಟೆಲಿನಲ್ಲಿ ನೆಟ್‌ಫ್ಲಿಕ್ಸ್ ಹಾಕಿಕೊಂಡು, ಫೋನಿನ ಆ ತುದಿಯಲ್ಲಿ ಅಜ್ಜಿ, ಈ ತುದಿಯಲ್ಲಿ ತಾನು ಎಂದು ಒಟ್ಟಿಗೆ ನೋಡುತ್ತಾಳೆ. ಕೊಲೆಗಾರ ಯಾರೆಂದು ಅರ್ಧದಲ್ಲೇ ಹೇಳುವ ಕೆಲಸ ಈಗ ಅವಳದು. ಅವಳ ಲೆಕ್ಕವೂ ಹತ್ತರಲ್ಲಿ ಎಂಟು ಸಲ ತಪ್ಪುತ್ತದೆ.

ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಪ್ರೇಕ್ಷಕರಿರಬಹುದು: ಧಾರಾವಾಹಿಯ ಯಾರೋ ಸತ್ತದ್ದಕ್ಕೆ ಊಟ ಬೇಡ ಎನ್ನುವವರು, ಚಾನೆಲ್‌ಗೆ ಫೋನ್ ಮಾಡು ಎಂದು ಮಕ್ಕಳನ್ನು ಪೀಡಿಸುವವರು. ಮುಂದಿನ ಸಲ ‘ಅದು ಸೀರಿಯಲ್ ಅಮ್ಮಾ’ ಎಂದು ಹೇಳುವ ಮೊದಲು ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ನೋಡಿ, ಬಿಡಿಸಲು ಸೊಪ್ಪಿದ್ದರೆ ಕೈಜೋಡಿಸಿ. ಅವರ ಮಾತು ಎಸಿಪಿಯಿಂದ ಶುರುವಾಗಬಹುದು, ಎಲ್ಲಿಗೆ ಹೋಗಿ ನಿಲ್ಲುತ್ತದೋ ಕೇಳಿಸಿಕೊಳ್ಳಿ.